ದೊಣೆಗುಡ್ಡದ ತೆಂಕಲ ಮಗ್ಗುಲು

ಹೋದ ವಾರ ಅಜ್ಜಂಪುರದ ನಮ್ಮ ಮನೆಯ ಹಿಂದೆ ಪಕ್ಕದವರು ಬಾವಿ ತೋಡಿಸುತ್ತಿದ್ದರು. ಎರಡಾಳು ಆಳಕ್ಕೆ ಬಂಡೆ ಸಿಕ್ಕಿತಂತೆ, ಮದ್ದು ಇಟ್ಟು ಸಿಡಿಸಿದರು. ಸದ್ದಿಗೆ ನಾನು ಬೆಚ್ಚಲಿಲ್ಲ, ನನ್ನ ಕಿವಿ ಈಗ ಅಷ್ಟು ಚುರುಕಿಲ್ಲ. ಆದರೆ ಗಾಳಿಯಲ್ಲಿ ಬಂದ ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೊಸೆ ಬಂದು ಮೈ ಸರಿಯಿಲ್ಲವೇ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳು ನಂಬಲಿಲ್ಲ. ನಂಬದಿರುವುದನ್ನು ಅವಳು ನಮ್ಮ ಮನೆಗೆ ಬಂದ ಮೇಲೆ ಕಲಿತಳು.

ಅನುಮಾನ ನಮ್ಮ ಮನೆತನಕ್ಕೆ ಹೊಲ ತೋಟದ ಜೊತೆಗೇ ಬಂದದ್ದು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಅಜ್ಜಿ ಹೇಳಿದರೆ ನಮ್ಮ ಅಜ್ಜ ಒಂದು ತೊಟ್ಟು ಅಂಗೈಗೆ ಹಾಕಿಸಿಕೊಂಡು ನೆಕ್ಕಿಯೇ ಊಟಕ್ಕೆ ಕೂರುತ್ತಿದ್ದನಂತೆ. ಅಪ್ಪ ಅವನಿಗಿಂತ ಒಂದು ಕೈ ಮೇಲು. ಸಂತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ಕಡೂರಿನಲ್ಲಿ ಲೋವರ್ ಸೆಕೆಂಡರಿ ಓದಿ ಊರಿಗೆ ಮರಳಿದವನು. ಅವರ ಅನುಮಾನಕ್ಕೆ ಓದು ಇರಲಿಲ್ಲ, ನನ್ನದಕ್ಕೆ ಇತ್ತು. ಊರಿನ ಅರ್ಜಿ, ಮನವಿ, ತಕರಾರು ಎಲ್ಲವನ್ನೂ ನಾನೇ ಬರೆಯುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ ಪಟೇಲರು ಎದ್ದು ಜಾಗ ಬಿಡುತ್ತಿದ್ದರೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ?

ನಮ್ಮದು ಯಗಟಿಗೂ ಸಿಂಗಟಗೆರೆಗೂ ನಡುವಿನ ಸಣ್ಣ ಊರು. ರಾಗಿ, ಕುರಿ, ಒಂದಷ್ಟು ತೆಂಗು. ಬಾವಿ ಮೂರಿದ್ದವು, ಮೂರರಲ್ಲೂ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕುಡಿದವರಿಗೆ ದಾಹ ಹೋಗುವುದಿಲ್ಲ. ಊರನ್ನು ಬದುಕಿಸಿದ್ದು ಗುಡ್ಡದ ಮೇಲಿನ ದೊಣೆ. ಬಂಡೆಯಲ್ಲೇ ತಾನಾಗಿ ಆದ ಹೊಂಡ ಅದು, ನಾಲ್ಕು ಎತ್ತಿನ ಗಾಡಿ ನಿಲ್ಲುವಷ್ಟು ಅಗಲ. ಮಳೆ ನೀರು ತುಂಬುವುದಲ್ಲದೆ ಒಳಗೆಲ್ಲಿಂದಲೋ ಒರತೆಯೂ ಇತ್ತು, ಎಂಥ ಬೇಸಿಗೆಯಲ್ಲೂ ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗಾದರೆ ಹೆಂಗಸರೆಲ್ಲ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು. ನಮ್ಮ ಅವ್ವನಿಗೆ ಮಂಡಿ ನೋವು, ಆದರೂ ಸೊಸೆಯರ ಕೈಗೆ ಆ ಕೊಡವನ್ನು ಬಿಟ್ಟುಕೊಟ್ಟವಳಲ್ಲ.

ಆ ವರ್ಷ ರಾಗಿ ಕೊಯ್ಲು ಮುಗಿದು ಮಾಗಿಯ ಚಳಿ ಹಿಡಿಯುತ್ತಿದ್ದಾಗ ಗುಡ್ಡದ ಬಡಗಲ ಮಗ್ಗುಲಿನ ಬಂಡೆಗಳ ಮೇಲೆ ಸುಣ್ಣದ ಗೀಟುಗಳು ಕಾಣಿಸಿಕೊಂಡವು. ಊರಿಗೆ ಎದುರಾಗಿರುವ ಮಗ್ಗುಲು ಅದು, ದೊಣೆಗೆ ನೂರು ಹೆಜ್ಜೆಯೂ ಇಲ್ಲ. ಯಾರು ಬಳಿದರು ಎಂದು ವಿಚಾರಿಸುವಷ್ಟರಲ್ಲಿ ಚಾವಡಿಗೆ ಸುದ್ದಿ ಬಂತು. ರೈಲು ದಾರಿಗೆ ಜಲ್ಲಿ, ಸೇತುವೆಗಳಿಗೆ ಕಲ್ಲು ಒದಗಿಸುವ ಒಂದು ಕಂಪನಿ ನಮ್ಮ ಗುಡ್ಡವನ್ನು ಕೇಳಿದೆಯಂತೆ, ಊರವರ ತಕರಾರು ಏನಿದ್ದರೂ ಕೇಳಿ ಪರಿಹರಿಸಿ ಆಮೇಲೆ ಬನ್ನಿ ಎಂದು ಅಮಲ್ದಾರರು ಹೇಳಿದ್ದಾರಂತೆ.

ಕಂಪನಿಯ ಏಜೆಂಟರು ಶ್ರೀನಿವಾಸಯ್ಯ ಎಂಬವರು ಜೋಡೆತ್ತಿನ ಗಾಡಿಯಲ್ಲಿ ಬಂದರು. ಕೋಟು, ಜರಿ ಪೇಟ, ಬಗಲಲ್ಲಿ ಕೊಡೆ, ಮೃದು ಮಾತು. ಚಾವಡಿಯ ಜಗಲಿಯ ಮೇಲೆ ಅವರಿಗೆಂದು ಹಾಸಿದ್ದ ಕಂಬಳಿಯನ್ನು ಪಕ್ಕಕ್ಕೆ ಸರಿಸಿ ನಮ್ಮ ಸಮಕ್ಕೆ ನೆಲದ ಮೇಲೆ ಕೂತರು. ಅದನ್ನು ಕಂಡೇ ಅಪ್ಪ ನನ್ನ ಕಿವಿಯಲ್ಲಿ, ಇವನನ್ನು ನಂಬಬೇಡ ಎಂದ.

ಏಜೆಂಟರು ಒಬ್ಬೊಬ್ಬರನ್ನೂ ಕೇಳಿದರು, ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರು. ಸಿಡಿದ ಕಲ್ಲು ಮನೆಗಳ ಮೇಲೆ ಬಿದ್ದರೆ? ಮದ್ದಿನ ತೂತಿನ ಮೇಲೆ ಮುಳ್ಳು, ಸೊಪ್ಪು, ಹಳೆಯ ಚಾಪೆ ಹೊದಿಸಿಯೇ ಸಿಡಿಸುತ್ತೇವೆ ಎಂದರು. ಮೇಯುವ ಕುರಿಗಳು ಬೆದರಿ ಓಡಿದರೆ ಎಂದು ಕುರಿ ಕರಿಯಣ್ಣ ಕೇಳಿದ. ನಡುಮಧ್ಯಾಹ್ನ ಒಂದೇ ಹೊತ್ತು ಸಿಡಿಸುವುದು, ಅದಕ್ಕೆ ಮುಂಚೆ ಮೂರು ಸಲ ತಮಟೆ ಬಾರಿಸುವುದು ಎಂದರು. ಗಾಡಿಗಳು ಹೊಲ ತುಳಿದರೆ? ಬೀಳು ನೆಲದಲ್ಲೇ ಸುತ್ತು ಹಾಕಿ ದಾರಿ ಮಾಡುತ್ತೇವೆ. ಗುಡ್ಡದ ಮೇಲೆ ನಾವು ಪೂಜಿಸುವ ಭೂತಪ್ಪನ ಕಲ್ಲು? ಅದನ್ನು ಮುಟ್ಟುವುದಿಲ್ಲ, ಅದರ ಸುತ್ತ ನಾವೇ ಕಟ್ಟೆ ಕಟ್ಟಿಸಿಕೊಡುತ್ತೇವೆ. ಯಾವುದಕ್ಕೂ ಇಲ್ಲವೆನ್ನಲಿಲ್ಲ. ಒಂದಕ್ಕಾದರೂ ಆಗುವುದಿಲ್ಲ ಎಂದಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅತಿ ವಿನಯ ಧೂರ್ತ ಲಕ್ಷಣ ಎಂದು ನಾನು ಓದಿದ್ದೆ. ಓದದ ಅಪ್ಪ ಅದನ್ನೇ ತನ್ನ ಮಾತಿನಲ್ಲಿ ಹೇಳಿದ.

"ಬಗ್ಗಿದೋನು ಏನನ್ನೋ ಎತ್ಕೊಳ್ಳೋಕೇ ಬಗ್ಗಿರ್ತಾನೆ ಕಣೋ."

ಕೊನೆಗೆ ದೊಣೆಯ ಮಾತು ಬಂತು. ಅದನ್ನು ನಾನೇ ಎತ್ತಿದೆ. ಏಜೆಂಟರು ಪುಸ್ತಕ ಮುಚ್ಚಿ, ಅದು ನಿಮ್ಮ ಪ್ರಾಣ ಎಂದು ಗೊತ್ತು, ನಮ್ಮ ಕಲ್ಲುಕುಟಿಗ ಬಂಡೆಯನ್ನು ಪರೀಕ್ಷೆ ಮಾಡುತ್ತಾನೆ, ನೀವೂ ಯೋಚಿಸಿ, ಗುಡ್ಡದ ಯಾವ ಮಗ್ಗುಲು ಬೇಡ ಎನ್ನುತ್ತೀರೋ ಆ ಮಗ್ಗುಲನ್ನು ಬಿಟ್ಟುಬಿಡುತ್ತೇವೆ ಎಂದರು. ಹೀಗೆಂದು ಒಂದು ಹಿತ್ತಾಳೆ ತಟ್ಟೆಯ ತುಂಬ ವೀಳ್ಯದೆಲೆ ಅಡಿಕೆ ತರಿಸಿ ಮುಂದಿಟ್ಟರು.

ಒಬ್ಬರೂ ಕೈ ಚಾಚಲಿಲ್ಲ. ನಮ್ಮ ಕಡೆ ಸಭೆಯಲ್ಲಿ ವೀಳ್ಯ ಹಿಡಿದರೆ ಮಾತು ಒಪ್ಪಿದಂತೆ. ಹೆಣ್ಣು ಕೊಡುವುದಕ್ಕೂ ಅದೇ, ಎತ್ತು ಮಾರುವುದಕ್ಕೂ ಅದೇ, ಕೆಲಸ ಹಿಡಿಯುವುದಕ್ಕೂ ಅದೇ. ಎಲೆ ಅಡಿಕೆ ಇಲ್ಲದೆ ಅರ್ಧ ಗಳಿಗೆ ಕೂರಲಾರದ ಪಟೇಲರು ತಟ್ಟೆಯ ಕಡೆ ಬೆನ್ನು ಹಾಕಿ ಎಂಜಲು ನುಂಗುತ್ತಿದ್ದರು. ತಟ್ಟೆ ಸಭೆಯನ್ನೆಲ್ಲ ಸುತ್ತಿ ಬಂದು ಜಗಲಿಯ ಕೆಳಗೆ ನಿಂತಿದ್ದ ಕಲ್ಲುಕುಟಿಗನ ಮುಂದೆ ಹೋಯಿತು. ತಿಮ್ಮಬೋವಿ ಎಂದು ಅವನ ಹೆಸರು, ನಲವತ್ತು ದಾಟಿದವನು, ಕಲ್ಲಿನ ಚಕ್ಕೆ ಹಾರಿ ಒಂದು ಕಣ್ಣು ಮಂಜಾಗಿತ್ತು. ಅವನು ತಲೆಯ ವಸ್ತ್ರ ತೆಗೆದು ಎರಡೂ ಕೈಯಲ್ಲಿ ವೀಳ್ಯ ಹಿಡಿದ. ಇಡೀ ಚಾವಡಿ ಅದನ್ನು ನೋಡಿತು.

ಮುಂದಿನ ನಾಲ್ಕು ದಿನ ಗುಡ್ಡದ ಮೇಲೆ ಅವನ ಸುತ್ತಿಗೆಯ ಟಣ್ ಟಣ್ ಕೇಳುತ್ತಿತ್ತು. ಒಡೆಯುವ ಸದ್ದಲ್ಲ ಅದು. ಒಂದು ಏಟು ಹಾಕುವನು, ಬಂಡೆಗೆ ಕಿವಿಯಿಟ್ಟು ಮಲಗುವನು, ಎದ್ದು ಎರಡು ಹೆಜ್ಜೆ ಆಚೆಗೆ ಹೋಗಿ ಮತ್ತೊಂದು ಏಟು. ನಮ್ಮವರು ಕಣದಲ್ಲಿ ರಾಗಿ ತೂರುತ್ತಲೇ ಒಂದು ಕಣ್ಣು ಗುಡ್ಡದ ಮೇಲಿಟ್ಟಿದ್ದರು. ಮಾಟ ಮಾಡುತ್ತಿದ್ದಾನೆ ಎಂದರು ಕೆಲವರು. ನಿಧಿ ಹುಡುಕುತ್ತಿದ್ದಾನೆ, ಕಲ್ಲು ಬರೀ ನೆಪ ಎಂದರು ಇನ್ನು ಕೆಲವರು. ನಾನು ಓದಿದವನಾದ್ದರಿಂದ ಎರಡನ್ನೂ ನಂಬಲಿಲ್ಲ, ನನ್ನದೇ ಒಂದು ಅನುಮಾನಕ್ಕಾಗಿ ಕಾಯುತ್ತಿದ್ದೆ.

ಅದು ಐದನೆಯ ದಿನ ತಾನಾಗಿ ತೋಟಕ್ಕೆ ಬಂತು. ನಾನು ಒಬ್ಬನೇ ತೆಂಗಿನಕಾಯಿ ಸುಲಿಯುತ್ತಿದ್ದೆ. ತಿಮ್ಮಬೋವಿ ಬೇಲಿಯಾಚೆಯೇ ನಿಂತು ಕೆಮ್ಮಿದ. ಏನು ಎಂದು ಕೇಳಿದೆ. ಹಿಂದೆ ಮುಂದೆ ನೋಡಿ ಮಾತು ತೆಗೆದ.

"ಬುದ್ಧೀ, ನೀವು ಓದಿದೋರು, ನಿಮಗೆ ಹೇಳಿದ್ರೆ ಊರಿಗೆ ಹೇಳ್ದಂಗೆ ಅಂತ ಬಂದೆ. ಬಡಗಲ ಮಗ್ಗುಲು ಬೇಕಾದ್ರೆ ಒಡಕೊಳ್ಳಲಿ ಬುಡಿ. ದೊಣೆಗೆ ಹತ್ರ ಐತೆ, ಆದ್ರೆ ಅದು ಬ್ಯಾರೆ ಬಂಡೆ, ಇದಕ್ಕೂ ಅದಕ್ಕೂ ಸಂಬಂಧಿಲ್ಲ. ತೆಂಕಲ ಮಗ್ಗುಲು ಮಾತ್ರ ಮುಟ್ಟೋಕೆ ಬುಡಬ್ಯಾಡಿ. ಅಲ್ಲಿಂದ ಒಂದು ಎಳೆ ಒಳಗೊಳಗೇ ದೊಣೆ ತಳಕ್ಕೆ ಹೋಗೈತೆ. ಅಲ್ಲಿ ಮದ್ದಿಟ್ರೆ ಎಳೆ ಬಾಯಿ ಬುಡ್ತದೆ."

ಎಳೆ ಎಂದರೆ ಬಂಡೆಯೊಳಗಿನ ಸಂದು, ಹೊರಗೆ ಕಾಣುವುದಿಲ್ಲ. ಇದನ್ನು ಏಜೆಂಟರಿಗೆ ಹೇಳಿದೆಯಾ ಎಂದೆ. ಹೇಳಿದೆ ಎಂದ. ಊರವರು ಎಲ್ಲಿ ಅನ್ನುತ್ತಾರೋ ಅಲ್ಲೇ ಒಡೆಯುವುದಾಗಿ ಮಾತು ಕೊಟ್ಟಿದ್ದೇನೆ, ಹೋಗಿ ಊರವರಿಗೇ ಹೇಳು ಎಂದು ಏಜೆಂಟರು ಅಂದರಂತೆ. ಒಂದು ಎಳನೀರು ಕೆತ್ತಿ ಕೊಟ್ಟೆ. ಕುಡಿದು ಕೈ ಮುಗಿದು ಹೋದ.

ಅವನು ಬೇಲಿ ದಾಟುವ ಮೊದಲೇ ನನಗೆ ಎಲ್ಲವೂ ತಿಳಿದುಹೋಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಮಾತ್ರ ಮೈಯೆಲ್ಲ ಹಿಗ್ಗಿತ್ತು. ಕಂಪನಿ ಸುಣ್ಣ ಬಳಿದದ್ದು ಬಡಗಲಿಗೆ. ಕಂಪನಿಯ ವೀಳ್ಯ ಹಿಡಿದವನು ಕದ್ದು ಬಂದು ಹೇಳುವುದೂ ಬಡಗಲನ್ನೇ ಕೊಡಿ ಎಂದು. ದೊಣೆಗೆ ನೂರು ಹೆಜ್ಜೆಯಲ್ಲಿ ಮದ್ದಿಟ್ಟರೆ ಏನೂ ಆಗುವುದಿಲ್ಲವಂತೆ, ಗುಡ್ಡದ ಆಚೆ ಬದಿಯಲ್ಲಿಟ್ಟರೆ ದೊಣೆ ಒಡೆಯುತ್ತದಂತೆ. ಎಂಥ ದಡ್ಡನ ಕಿವಿಗೂ ಇದು ಸುಳ್ಳೆಂದು ಕೇಳಿಸೀತು ಎಂದುಕೊಂಡೆ.

ಆ ಸಾಯಂಕಾಲ ಪಟೇಲರ ಮನೆಯಲ್ಲಿ ಅಪ್ಪ, ಕರಿಯಣ್ಣ ಮತ್ತಿತರರ ಮುಂದೆ ವಿಷಯ ಬಿಚ್ಚಿದೆ. ತಿಮ್ಮಬೋವಿ ಬಂದಿದ್ದ, ಬಡಗಲ ಮಗ್ಗುಲು ಬಿಟ್ಟುಕೊಡಿ ಎಂದು ಅಂಗಲಾಚಿದ ಎಂದೆ. ಎಳೆಯ ಮಾತನ್ನು ಮಾತ್ರ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಕಟ್ಟುಕತೆಯನ್ನು ಯಾಕೆ ಹೊತ್ತು ತಿರುಗಲಿ ಎಂದು ಬಿಟ್ಟೆ. ಎಲ್ಲರೂ ನನ್ನ ಮುಖ ನೋಡಿದರು. ಅವರು ಬಡಗಲು ಅಂದರೆ ನಾವು ತೆಂಕಲು ಅನ್ನೋಣ, ಅಮಲ್ದಾರರ ಕಚೇರಿಯವರ ಎದುರಿಗೇ ಬರೆಸಿಕೊಳ್ಳೋಣ ಎಂದೆ. ಅಪ್ಪ ನನ್ನನ್ನು ಬಾಯಿತುಂಬ ಹೊಗಳಿದ್ದು ಅದೇ ಮೊದಲು, ಅದೇ ಕೊನೆ. ನನ್ನ ಮಗನ ಮುಂದೆ ಯಾವ ಕಂಪನಿಯ ಬೇಳೆಯೂ ಬೇಯಲ್ಲ ಎಂದ.

ಎರಡನೆಯ ಸಭೆಗೆ ಏಜೆಂಟರ ಜೊತೆ ಕಡೂರಿನ ಕಚೇರಿಯ ಗುಮಾಸ್ತರೊಬ್ಬರು ಬಂದರು. ತೆಂಕಲ ಮಗ್ಗುಲು ಎಂದೊಡನೆ ಏಜೆಂಟರ ಮುಖ ಸಣ್ಣದಾಯಿತು. ಗಾಡಿ ದಾರಿ ಸುತ್ತಾಗುತ್ತದೆ, ಕೆಲಸದವರಿಗೆ ನೆರಳಿಲ್ಲ, ನಮ್ಮ ಕಲ್ಲುಕುಟಿಗನೂ ನಿಮಗೆ ಹೇಳಿದ್ದಾನಲ್ಲ, ದಯವಿಟ್ಟು ಇನ್ನೊಮ್ಮೆ ಯೋಚಿಸಿ ಎಂದರು. ಅವರು ಒಂದೊಂದು ಸಲ ಯೋಚಿಸಿ ಎಂದಾಗಲೂ ನಮಗೆ ಒಂದೊಂದು ಆನೆಯ ಬಲ ಬಂತು. ಕರಿಯಣ್ಣ ನನ್ನ ತೊಡೆ ಚಿವುಟಿದ. ಕಡೆಗೆ ಅವರು ನಿಟ್ಟುಸಿರಿಟ್ಟು, ಕೊಟ್ಟ ಮಾತು ಮಾತೇ, ಹಾಗೇ ಆಗಲಿ ಎಂದರು. ಕರಾರನ್ನು ನಾನೇ ನನ್ನ ಅಕ್ಷರದಲ್ಲಿ ಬರೆದೆ. ಕಂಪನಿಯ ಕಾಗದವೆಂದರೆ ಬೆರಳು ಮಡಿಸಿಕೊಳ್ಳುತ್ತಿದ್ದವರು ನಾನು ಬರೆದದ್ದಕ್ಕೆ ಸರದಿಯಲ್ಲಿ ನಿಂತು ಹೆಬ್ಬೆಟ್ಟು ಒತ್ತಿದರು. ಆ ದಿನ ಹಿತ್ತಾಳೆ ತಟ್ಟೆ ಖಾಲಿಯಾಯಿತು. ನಾನೂ ಒಂದು ವೀಳ್ಯ ಹಿಡಿದೆ.

ಮರುದಿನ ಬೆಳಿಗ್ಗೆ ತಿಮ್ಮಬೋವಿ ತಾನು ಪಡೆದದ್ದಕ್ಕೆ ಬದಲಾಗಿ ಐದು ಎಲೆ, ಎರಡು ಅಡಿಕೆ ಗುಡ್ಡದ ಬುಡದಲ್ಲಿ ಹಾಕಿದ್ದ ಏಜೆಂಟರ ಡೇರೆಯ ಮುಂದಿಟ್ಟು ಅಡ್ಡಬಿದ್ದನಂತೆ. ಹಿಡಿದ ವೀಳ್ಯವನ್ನು ಹಿಂದಕ್ಕೆ ಕೊಡುವುದು ಕುಲಕಸುಬಿನವರಿಗೆ ದೊಡ್ಡ ಅವಮಾನ, ಆಮೇಲೆ ಬೇಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಸುತ್ತಿಗೆ, ಹಾರೆ, ಮಡಕೆಗಳನ್ನು ಕತ್ತೆಯ ಮೇಲೆ ಹೇರಿ ಹೆಂಡತಿ ಮಕ್ಕಳೊಂದಿಗೆ ಅವನು ಊರ ಮುಂದೆಯೇ ಹಾದುಹೋದ. ಆಟ ನಡೆಯಲಿಲ್ಲ, ಕಂಪನಿಯವರು ಓಡಿಸಿದರು ಎಂದು ನಾವು ನಕ್ಕೆವು. ಅವನು ಯಾರ ಕಡೆಯೂ ತಿರುಗಿ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೇರೆ ಕಲ್ಲುಕುಟಿಗರು ಬಂದು ತೆಂಕಲಿನಲ್ಲಿ ಕೆಲಸ ಶುರುವಾಯಿತು. ಕಂಪನಿ ಹೇಳಿದ ಒಂದೊಂದು ಮಾತನ್ನೂ ನಡೆಸಿತು. ನಡುಮಧ್ಯಾಹ್ನ ಮೂರು ಸಲ ತಮಟೆ, ಆಮೇಲೆ ಗುಡ್ಡದ ಆಚೆಯಿಂದ ಒಂದು ಗುಡುಗು. ಒಂದು ಚಕ್ಕೆ ಕಲ್ಲೂ ಊರಿಗೆ ಬೀಳಲಿಲ್ಲ. ಭೂತಪ್ಪನಿಗೆ ಕಟ್ಟೆಯಾಯಿತು. ಆದರೂ ನಾವು ಬಿಡಲಿಲ್ಲ. ಕದ್ದು ಬಡಗಲಿಗೆ ಬಂದಾರೆಂದು ದಿನಕ್ಕಿಬ್ಬರಂತೆ ಸರದಿ ಹಾಕಿ ಬಡಗಲ ಬಂಡೆಗಳನ್ನು ಕಾದೆವು. ನಾನೂ ಬಿಸಿಲಲ್ಲಿ ಕಂಬಳಿ ಹೊದ್ದು ಕೂತು ಕಾದವನೇ.

ಬಿಸಿಲು ಬಲಿಯುತ್ತಿದ್ದ ಒಂದು ಸೋಮವಾರ ಅವ್ವ ಗುಡ್ಡದಿಂದ ಇಳಿದು ಬಂದು, ಎಂದೂ ಇಲ್ಲದ್ದು ಇವತ್ತು ಮೂರು ಮೆಟ್ಟಿಲು ಹೆಚ್ಚಿಗೆ ಇಳಿದು ನೀರು ತುಂಬಿದೆ ಎಂದಳು. ಬೇಸಿಗೆಯಲ್ಲವೇ ಎಂದೆ. ಮಾರನೆಯ ದಿನ ಇನ್ನೊಂದು ಮೊಳ ಇಳಿಯಿತು. ಒಂಬತ್ತನೆಯ ದಿನ ಹೆಂಗಸರು ಖಾಲಿ ಕೊಡ ಹಿಡಿದು ದೊಣೆಯ ಸುತ್ತ ಸುಮ್ಮನೆ ನಿಂತಿದ್ದರು. ತಳದಲ್ಲಿ ಬರೀ ಪಾಚಿ. ಕಪ್ಪೆಗಳು ಗೋಡೆ ಹತ್ತಲು ಹಾರಿ ಹಾರಿ ಬೀಳುತ್ತಿದ್ದವು.

ನಾನು ಗುಡ್ಡ ದಾಟಿ ತೆಂಕಲಿಗೆ ಓಡಿದೆ. ಹೊಸದಾಗಿ ಒಡೆದ ಬಂಡೆಯ ಮೈಯಲ್ಲಿ ಬೆರಳಗಲದ ಒಂದು ಬಿರುಕು, ಅದರಿಂದ ತಿಳಿ ನೀರು ಒಂದೇ ಸಮನೆ ಇಳಿದು ಹಳ್ಳದ ಮರಳಿಗೆ ಸೇರುತ್ತಿತ್ತು. ಕೂಲಿಯವರು ಅದರಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ಏಜೆಂಟರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಕೆಲಸವನ್ನು ಆಗಲೇ ನಿಲ್ಲಿಸಿದ್ದರು. ನನ್ನನ್ನು ಕಂಡು, "ನಿಮ್ಮೂರಿಗೆ ಎಳೆ ವಿಚಾರ ತಿಮ್ಮ ಹೇಳಲೇ ಇಲ್ವೇನಪ್ಪಾ?" ಎಂದು ಕೇಳಿದರು. ನಾನು ಗುಡ್ಡ ಇಳಿದೆ.

ತಿಮ್ಮಬೋವಿಯನ್ನು ಹುಡುಕಿಕೊಂಡು ಹೋದೆ. ಬೀರೂರಿನಲ್ಲಿ ಕೇಳಿದೆ, ತರೀಕೆರೆಗೆ ಹೋದೆ. ಅಲ್ಲಿ ಒಂದು ಕೆರೆಯ ತೂಬಿನ ರಿಪೇರಿಯಲ್ಲಿ ಅವನು ಕಲ್ಲು ಹೊರುತ್ತಿದ್ದ, ಒಡೆಯುವ ಕೆಲಸ ಅವನಿಗೆ ಯಾರೂ ಕೊಟ್ಟಿರಲಿಲ್ಲ. ನಾನು ಹೇಳುವ ಮೊದಲೇ ಅವನಿಗೆ ತಿಳಿಯಿತು. ಬಂದು ಬಿರುಕು ಮುಚ್ಚಿಕೊಡು ಎಂದು ಬೇಡಿದೆ. ಒಡೆದ ಬಂಡೆಗೆ ಹೊಲಿಗೆ ಇಲ್ಲ ಬುದ್ಧಿ ಎಂದ. ಹೊತ್ತ ಕಲ್ಲನ್ನು ಕೆಳಗಿಳಿಸಿ, ನನ್ನ ಮಾತು ಯಾಕೆ ನಂಬಲಿಲ್ಲ ಎಂದು ಕೇಳಿದ. ಕೋಪದಿಂದ ಕೇಳಲಿಲ್ಲ. ನೀನು ಅವರ ವೀಳ್ಯ ಹಿಡಿದಿದ್ದೆಯಲ್ಲ ಎಂದೆ.

"ನಾನು ವೀಳ್ಯ ಹಿಡಿದಿದ್ದು ಕಲ್ಲು ಒಡೆಯಾಕೆ ಬುದ್ಧಿ, ಸುಳ್ಳು ಹೇಳಾಕಲ್ಲ."

ಆಮೇಲೂ ಅವನು ನಮಗೆ ಒಂದು ಉಪಕಾರ ಮಾಡಿದ. ಬಡಗಲ ಬುಡದಲ್ಲಿ ಎರಡು ಆಲದ ಮರಗಳ ನಡುವೆ ಬಾವಿ ತೋಡಿಸಿ, ಅಲ್ಲಿ ಸಿಹಿ ನೀರಿದೆ, ಬಂಡೆಯ ಸದ್ದಿನಲ್ಲೇ ನನಗೆ ಗೊತ್ತಾಗಿತ್ತು ಎಂದ. ಮರಳುವ ದಾರಿಯಲ್ಲಿ ಏಜೆಂಟರ ಡೇರೆಗೆ ಹೋಗಿ ಅದನ್ನು ಹೇಳಿದೆ. ಅವರು ಎದ್ದು ನಿಂತು, ನಾಳೆಯೇ ನಮ್ಮ ಆಳುಗಳಿಂದ ತೋಡಿಸಿಕೊಡುತ್ತೇನೆ, ಊರವರು ಹೂಂ ಅಂದರೆ ಸಾಕು ಎಂದರು.

ಊರಿಗೆ ಬಂದಾಗ ಚಾವಡಿ ತುಂಬಿತ್ತು. ಕಾಗದ ಲೆಕ್ಕಣಿಕೆ ಸಿದ್ಧವಾಗಿದ್ದವು, ನನಗಾಗಿಯೇ ಕಾಯುತ್ತಿದ್ದರು. ತಿಮ್ಮಬೋವಿ ದೊಣೆಗೆ ಮಾಟ ಮಾಡಿ ಓಡಿಹೋದನೆಂದೂ, ಅವನನ್ನು ಹಿಡಿದು ತರಿಸಬೇಕೆಂದೂ, ಕಂಪನಿ ಮೋಸ ಮಾಡಿತೆಂದೂ ಅರ್ಜಿ ಬರೆಯಬೇಕಾಗಿತ್ತು. ಪಟೇಲರು ಎದ್ದು ಎಂದಿನಂತೆ ಜಾಗ ಬಿಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ತೋಟದಲ್ಲಿ ತಿಮ್ಮಬೋವಿ ಎಳೆಯ ವಿಷಯ ಹೇಳಿದ್ದು, ಅದನ್ನು ನಾನು ನುಂಗಿದ್ದು, ಅವನು ನಿಜ ಹೇಳಿದ್ದನ್ನೇ ನಾನು ಸುಳ್ಳೆಂದು ತಿಳಿದು ಊರಿಗೆ ತೆಂಕಲು ಎಂದು ಹೇಳಿಸಿದ್ದು. ತಪ್ಪು ಅವನದಲ್ಲ, ಕಂಪನಿಯದೂ ಅಲ್ಲ, ನನ್ನದು ಎಂದೆ. ಬೈಯಿರಿ, ಊರು ಬಿಡಿಸಿ, ಆದರೆ ಬೇಸಿಗೆ ಇನ್ನೂ ಮುಂದಿದೆ, ಅವರು ಬಡಗಲ ಬುಡದಲ್ಲಿ ಬಾವಿ ತೋಡಿಕೊಡುತ್ತಾರಂತೆ, ಹೂಂ ಅನ್ನಿ ಎಂದು ಕೈ ಮುಗಿದೆ.

ಬೈಯುತ್ತಾರೆಂದು ಕಾದೆ. ಯಾರೂ ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಗೊತ್ತಿತ್ತು, ಏಜೆಂಟರ ಮುಂದೆ ನಾವೆಲ್ಲ ನೋಡಿಕೊಂಡದ್ದು ಹಾಗೆಯೇ. ಎರಡು ದಿನ ಎಲ್ಲಿ ಹೋಗಿದ್ದೆ ಎಂದು ಕರಿಯಣ್ಣ ಮೆಲ್ಲಗೆ ಕೇಳಿದ. ತರೀಕೆರೆಗೆ ಎಂದೆ. ಬರುವಾಗ ಏಜೆಂಟರ ಡೇರೆಯಲ್ಲಿ ಕೂತಿದ್ದೆಯಂತಲ್ಲ ಎಂದ. ಹೌದು ಎಂದೆ. ಬಡಗಲಲ್ಲೇ ತೋಡಬೇಕಂತೇನು ಎಂದು ಇನ್ಯಾರೋ ಹಿಂದಿನಿಂದ ಕೇಳಿದರು. ಪಟೇಲರು ಅರ್ಜಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬೇರೆ ಊರಿನಲ್ಲಿ ಬರೆಸೋಣ ಎಂದು ಎದ್ದರು. ಅಪ್ಪ ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತ ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದ.

ಮನೆಗೆ ಬಂದೆ. ಅವ್ವ ಸವಳು ನೀರಿನಲ್ಲಿ ತೊಳಸಿದ ಮುದ್ದೆ, ಅರೆಬೆಂದ ಬೇಳೆಯ ಸಾರು ಬಡಿಸಿದಳು. ಇವಳಾದರೂ ನಂಬುತ್ತಾಳೆ ಎಂದು ನನಗೆ ಧೈರ್ಯವಿತ್ತು. ಉಣ್ಣುವವರೆಗೂ ಎದುರಿಗೆ ಕೂತಿದ್ದು, ಅಪ್ಪ ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಹತ್ತಿರ ಸರಿದು ನನ್ನ ತಲೆ ನೇವರಿಸಿದಳು.

"ನನ್ನ ಹತ್ರ ಮಾತ್ರ ನಿಜ ಹೇಳು ಮಗಾ," ಎಂದಳು. "ಕಂಪನಿಯೋರು ನಿಂಗೇನು ಕೊಟ್ರು?"